ಒಂದೇ ಕಾಸಿಗೆ ಮೂರು ಅಂಕ

ಹುಬ್ಬಳ್ಳಿಯಲ್ಲಿ ಮೋನಪ್ಪ ಪತ್ತಾರ ಎಂಬ ನಾಣ್ಯ ಪರೀಕ್ಷಕರಿದ್ದರು. ಹಳೆಯ ನಾಣ್ಯ ಎಷ್ಟು ಸವೆದಿದೆ, ಎಷ್ಟು ಹೊಳಪು ಉಳಿಸಿಕೊಂಡಿದೆ ಎಂದು ಭೂತಗನ್ನಡಿಯಲ್ಲಿ ನೋಡಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಡುವುದು ಅವರ ಕೆಲಸ. ಆಮೇಲೆ ಅವರ ಸಂಸ್ಥೆ ಆ ನಾಣ್ಯವನ್ನು ಪಾರದರ್ಶಕ ಡಬ್ಬಿಯೊಳಗಿಟ್ಟು ಭದ್ರವಾಗಿ ಮುಚ್ಚುತ್ತಿತ್ತು. ಡಬ್ಬಿಯ ಮೇಲೊಂದು ಚೀಟಿ. ಅದರಲ್ಲಿ ನಾಣ್ಯದ ಫೋಟೊ, ಅಂಕ, ಮೋನಪ್ಪನವರ ಸಹಿ.

ಇಪ್ಪತ್ತೆರಡು ವರ್ಷ ಆ ಸಹಿಯನ್ನು ಯಾರೂ ಪ್ರಶ್ನಿಸಿರಲಿಲ್ಲ. "ಪತ್ತಾರರು ಹೇಳಿದ್ರ ಮುಗೀತು" ಎನ್ನುತ್ತಿದ್ದರು ಸಂಗ್ರಾಹಕರು. ಕೇಳಿ ಕೇಳಿ ಮೋನಪ್ಪನವರೂ ಅದನ್ನೇ ನಂಬಿಬಿಟ್ಟಿದ್ದರು.

ಒಂದು ಭಾನುವಾರ ಊರಿನ ಸಭಾಭವನದಲ್ಲಿ ನಾಣ್ಯಗಳ ಪ್ರದರ್ಶನ ನಡೆದಿತ್ತು. ಕಾಲಿಡಲು ಜಾಗವಿಲ್ಲದಷ್ಟು ಜನ. ಅವರನ್ನು ಸರಿಸಿಕೊಂಡು ಒಬ್ಬ ಹೆಂಗಸು ಮೋನಪ್ಪನವರ ಮೇಜಿನ ಮುಂದೆ ಬಂದು ನಿಂತಳು. ಹೆಸರು ಶಕೀಲಾಬಾನು ನದಾಫ್. ಗದಗಿನ ಬಸ್ಸಿನಲ್ಲಿ ಕಂಡಕ್ಟರ್. ಹಳೆ ನಾಣ್ಯವೆಂದರೆ ಅವಳಿಗೆ ಜೀವ.

ಅವಳು ಚೀಲದಿಂದ ಆನೆಯ ಚಿತ್ರವಿದ್ದ ತಾಮ್ರದ ಕಾಸೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಮೂರು ಒಡೆದ ಡಬ್ಬಿ, ಮೂರು ಚೀಟಿ.

"ಕಾಕಾರ, ಮೂರೂ ಚೀಟಿ ಮ್ಯಾಲೆ ನಿಮ್ಮ ಸಹಿ ಐತ್ರಿ. ಮೊದಲ ಸಲ ಐವತ್ತು ಕೊಟ್ರಿ. ಎರಡನೇ ಸಲ ನಲವತ್ತೈದು. ಮೂರನೇ ಸಲ ಐವತ್ತೆಂಟು. ಪ್ರತಿ ಸಲ ಡಬ್ಬಿ ಒಡದು ಮತ್ತ ಕಳಿಸಿದ್ದೆ, ಕಾಸು ಮಾತ್ರ ಒಂದ ನೋಡ್ರಿ."

ಸುತ್ತಲಿದ್ದವರು ಗಕ್ಕನೆ ತಿರುಗಿದರು. ಸಂಸ್ಥೆಯ ಮ್ಯಾನೇಜರ್ ಕುಬಸದ ಧಾವಿಸಿ ಬಂದ. "ಏನ್ ಮಾತಾಡ್ತೀರಿ ಅಕ್ಕಾರ? ಬ್ಯಾರೆ ಬ್ಯಾರೆ ಕಾಸು ಕಳಿಸಿ, ಈಗ ಒಂದ ಅಂತೀರೇನು? ಪತ್ತಾರರ ಕಣ್ಣು ತಪ್ಪೂದಿಲ್ಲ. ಅವರನ್ನ ಕೇಳ್ರಿ ಬೇಕಾದ್ರ!"

ಎಲ್ಲರ ಕಣ್ಣೂ ಮೋನಪ್ಪನವರ ಮೇಲೆ ನೆಟ್ಟವು. ಅವರು ಭೂತಗನ್ನಡಿ ಹಿಡಿದು ಕಾಸಿನ ಮೇಲೆ ಬಾಗಿದರು. ಆನೆಯ ಸೊಂಡಿಲಿನ ತುದಿಯಲ್ಲಿ ಸೂಜಿಮೊನೆಗಿಂತ ಸಣ್ಣ ಗಾಯವಿತ್ತು. ಭೂತಗನ್ನಡಿಯಲ್ಲೇ ಚೀಟಿಗಳ ಫೋಟೊ ನೋಡಿದರು. ಮೊದಲನೆಯದರಲ್ಲಿ ಅದೇ ಗಾಯ. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ!

ಆ ಗಾಯ ಬರಿಗಣ್ಣಿಗೆ ಕಾಣುವಂಥದ್ದಲ್ಲ. 'ಬೇರೆ ಕಾಸು' ಎಂದೊಂದು ಮಾತು ಅಂದರೆ ಸಾಕು, ಸಭೆಯೆಲ್ಲ ನಂಬುತ್ತದೆ. ಈ ಹೆಂಗಸು ಸುಳ್ಳುಗಾತಿ ಎನಿಸಿಕೊಂಡು ಗದಗಿಗೆ ಹಿಂತಿರುಗುತ್ತಾಳೆ. ಅವರು ತಲೆಯೆತ್ತಿದರು. ಶಕೀಲಾ ಹೆದರದೆ ಅವರನ್ನೇ ನೋಡುತ್ತಿದ್ದಳು.

"ಒಂದ ಕಾಸು," ಎಂದರು ಮೋನಪ್ಪ. "ಆಕಿ ಖರೇನ ಹೇಳ್ಯಾಳ. ತಪ್ಪು ನಂದು."

ಸಭೆಯಲ್ಲಿ ಗದ್ದಲವೆದ್ದಿತು. "ಮೂರನೇ ಸಲಕ್ಕ ಹೆಂಗ ಅಷ್ಟು ಹೆಚ್ಚಾತು?" ಎಂದು ಯಾರೋ ಕೂಗಿದರು.

"ಆ ಸಲ ದೇಸಾಯಿ ಸಾಹೇಬ್ರಿಗೆ ಕೇಳಿಕೊಂಡು ಅವರ ಹೆಸರಿನ್ಯಾಗ ಕಳಿಸಿದ್ದೆ ನೋಡ್ರಿ," ಎಂದಳು ಶಕೀಲಾ. ದೇಸಾಯಿಯವರು ನಾಡಿಗೆಲ್ಲ ಹೆಸರಾದ ಸಂಗ್ರಾಹಕರು. ಅವರು ಕಳಿಸಿದ್ದು ಕಳಪೆ ನಾಣ್ಯವಿರಲಾರದೆಂದು, ತಮಗೇ ಅರಿವಿಲ್ಲದೆ, ತಾವು ನಂಬಿ ನೋಡಿದ್ದು ಮೋನಪ್ಪನವರಿಗೆ ಆಗ ಹೊಳೆಯಿತು. ನಾಚಿಕೆಯಿಂದ ಮುಖ ಬಿಸಿಯಾಯಿತು.

ಆದರೆ ನಾಚಿಕೆಯ ಬೆನ್ನಿಗೇ ಅವರೊಳಗೆ ಇನ್ನೇನೋ ಎದ್ದಿತು. ಇದೊಂದೇ ಕಾಸೋ, ಇನ್ನೂ ಇವೆಯೋ? ಈಗಲೇ ತಿಳಿಯಬೇಕು! ಅವರು ಕುರ್ಚಿ ಬಿಟ್ಟು ಎದ್ದು ನಿಂತರು.

"ನಾನು ಅಂಕ ಕೊಟ್ಟ ಹತ್ತು ಡಬ್ಬಿ ತರ್ರಿ. ಚೀಟಿ ಮ್ಯಾಲೆ ಕಾಗದ ಅಂಟಿಸ್ರಿ. ಯಾರವು ಅಂತ ನನಗ ಹೇಳಬ್ಯಾಡ್ರಿ. ಎಲ್ಲಾರ ಮುಂದ ಮತ್ತ ಅಂಕ ಹಾಕ್ತೀನಿ. ಶಕೀಲಾ, ನೀನ ಬರಕೋವಾ."

ಜನ ಮುಗಿಬಿದ್ದರು. ಕುರ್ಚಿಗಳ ಮೇಲೆ ಹತ್ತಿ ನಿಂತರು. ಹತ್ತು ಡಬ್ಬಿ ಬಂದವು. ಮೋನಪ್ಪ ಮೊದಲನೆಯದನ್ನು ಬೆಳಕಿಗೆ ಹಿಡಿದು ಹೊರಳಿಸಿದರು. "ಅರವತ್ತೆರಡು." ಕಾಗದ ಕಿತ್ತರು. ಅರವತ್ತೆರಡು! ಚಪ್ಪಾಳೆಯೋ ಚಪ್ಪಾಳೆ. ಎರಡನೆಯದೂ ಸರಿಹೋಯಿತು. ಯಾರೋ ಸಿಳ್ಳೆ ಹಾಕಿದರು.

ಮೂರನೆಯದು. "ನಲವತ್ತು" ಎಂದರು. ಕಾಗದ ಕಿತ್ತರೆ ನಲವತ್ತೆಂಟು.

ಸಿಳ್ಳೆ ನಿಂತಿತು. ಕುಬಸದ ಅವರ ಕಿವಿಯಲ್ಲಿ ಉಸುರಿದ: "ಸಾಕ್ರಿ ಸರ್, ಮಾನ ಹೋಗ್ತೈತಿ. ತಲಿ ತಿರಗತೈತಿ ಅಂತ ಹೇಳಿ ಕೂತ್ಬಿಡ್ರಿ."

"ತಲಿ ಈಗ ನೆಟ್ಟಗ ಐತಿ," ಎಂದ ಮೋನಪ್ಪ ನಾಲ್ಕನೆಯ ಡಬ್ಬಿಗೆ ಕೈಹಾಕಿದರು.

ಪರೀಕ್ಷೆಗೆ ಕೂತ ಹುಡುಗನಂತೆ ಅವರು ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಒಂದು ಹೊಂದಿದರೆ ಜನ ಹೋ ಎನ್ನುವರು, ಒಂದು ತಪ್ಪಿದರೆ ಅಯ್ಯೋ ಎನ್ನುವರು. ಏಳನೆಯ ನಾಣ್ಯಕ್ಕೆ ಬಂದಾಗ ಅವರಿಗೇ ಒಂದು ಗುಟ್ಟು ಸಿಕ್ಕಿತು. ಆಗಷ್ಟೇ ಥಳಥಳಿಸುವ ಬೆಳ್ಳಿ ನಾಣ್ಯ ನೋಡಿದ್ದರಿಂದ ಈ ತಾಮ್ರದ ನಾಣ್ಯ ಮಂಕಾಗಿ ಕಾಣುತ್ತಿತ್ತು. "ಅಯ್ಯೋ! ಎರಡನೇ ಸಲ ನಿನ್ನ ಕಾಸಿಗೂ ಹಿಂಗ ಆಗಿರಬೇಕು ನೋಡವಾ!" ಎಂದು ಅವರು ಕೂಗಿಯೇಬಿಟ್ಟರು.

ಹತ್ತೂ ಮುಗಿದವು. ಶಕೀಲಾ ಕಿವಿಗೆ ಸಿಕ್ಕಿಸಿದ್ದ ಪೆನ್ನಿನಿಂದ ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿದಳು: "ಆರು ಸರಿ, ನಾಲ್ಕು ತಪ್ಪು."

ಮೋನಪ್ಪ ಕೈಮುಗಿದರು.

"ನಾನು ಬೇಕಂತ ಮೋಸ ಮಾಡಿಲ್ಲ. ಆದ್ರ ನನ್ನ ಕಣ್ಣನ್ನ ನಾನು ಒಂದು ದಿನಾನೂ ಪರೀಕ್ಷೆ ಮಾಡಿಲ್ಲ. ಇವತ್ತಿನಿಂದ ಕಳಿಸಿದವರ ಹೆಸರು ನಮಗ ಕಾಣಬಾರದು. ಒಂದು ನಾಣ್ಯಾನ್ನ ಇಬ್ಬರು ಬ್ಯಾರೆ ಬ್ಯಾರೆ ಕೂತು, ಅಂಕ ಗೊತ್ತಿದ್ದ ಮಾದರಿ ನಾಣ್ಯ ಪಕ್ಕಕ್ಕ ಇಟ್ಟುಕೊಂಡು ನೋಡಬೇಕು. ಇಬ್ಬರ ಅಂಕ ಹೊಂದಲಿಲ್ಲ ಅಂದ್ರ ಮರುದಿನ ಮತ್ತ ನೋಡಬೇಕು. ಹಳೇ ಡಬ್ಬಿ ಯಾರ ತಂದ್ರೂ ಪುಕ್ಕಟೆ ತಿರುಗಿ ನೋಡಿಕೊಡ್ತೀನಿ. ಇದಕ್ಕ ಸಂಸ್ಥೆ ಒಪ್ಪಲಿಲ್ಲ ಅಂದ್ರ ನನ್ನ ಸಹಿ ಇನ್ನ ಅಲ್ಲಿ ಇರೂದಿಲ್ಲ."

ಅಷ್ಟು ಜನರೆದುರು ಕುಬಸದನಿಗೆ ಒಪ್ಪದೆ ದಾರಿಯಿರಲಿಲ್ಲ.

ಮರುದಿನ ಶಕೀಲಾ ಸಂಸ್ಥೆಯ ಕಚೇರಿಗೆ ಬಂದಳು. ಅವಳ ಆನೆ ಕಾಸನ್ನು ಮೋನಪ್ಪನವರೂ ಅವರ ಕಿರಿಯ ಪರೀಕ್ಷಕಿ ಸುಮಂಗಲಾ ಅವರೂ ಬೇರೆ ಬೇರೆ ಕೋಣೆಯಲ್ಲಿ ನೋಡಿದರು. ಇಬ್ಬರ ಚೀಟಿಯಲ್ಲೂ ಐವತ್ತಮೂರು!

"ಐವತ್ತೆಂಟು ಹೋಯ್ತಲ್ಲವಾ, ಬ್ಯಾಸರಾತೇನು?" ಎಂದು ಮೋನಪ್ಪ ಕೇಳಿದರು.

"ಇಲ್ಲ ಕಾಕಾರ," ಎಂದು ಶಕೀಲಾ ನಕ್ಕಳು. "ಈ ಅಂಕ ಯಾರ ಹೆಸರಿಗೂ ಬಂದಿದ್ದಲ್ಲ, ನನ್ನ ಕಾಸಿಗೇ ಬಂದಿದ್ದು."

ಅವಳು ಮೆಟ್ಟಿಲಿಳಿಯುವಾಗ ಹಳೆಯ ಡಬ್ಬಿಗಳನ್ನು ಹಿಡಿದ ಜನರ ಸಾಲು ಬೀದಿಯ ತಿರುವಿನವರೆಗೆ ಬೆಳೆದಿತ್ತು. ಮೋನಪ್ಪನವರ ಮೇಲೆ ನಂಬಿಕೆ ಹೋಗಿದ್ದರೆ ಅವರ್ಯಾರೂ ಮತ್ತೆ ಆ ಬಾಗಿಲಿಗೆ ಬರುತ್ತಿರಲಿಲ್ಲ.

ನೀತಿ: ಬೇರೆಯವರ ಬೆಲೆ ಕಟ್ಟುವವನು ಮೊದಲು ತನ್ನ ಅಳತೆಗೋಲನ್ನು ಅಳೆದು ನೋಡಿಕೊಳ್ಳಬೇಕು. ತಪ್ಪೇ ಮಾಡದ ಕಣ್ಣು ಯಾರಿಗೂ ಇಲ್ಲ. ತನ್ನ ತಪ್ಪನ್ನು ತಾನೇ ಎತ್ತಿ ತೋರಿಸುವವನನ್ನು ಜನ ಕೈಬಿಡುವುದಿಲ್ಲ.