ಠಣ್ಣೂರಿನ ರೋಮ್ ಸೌಟು

ಒಂದಾನೊಂದು ಊರಿನಲ್ಲಿ, ಠಣ್ಣೂರು ಅಂತ ಅದರ ಹೆಸರು, ಒಬ್ಬ ರಾಜ ಇದ್ದ. ಅವನ ಹತ್ತಿರ ರೋಮ್ ದೇಶದ ಒಂದು ಕಂಚಿನ ಸೌಟು ಇತ್ತು. ಅದಕ್ಕೆ ಎರಡು ಸಾವಿರ ವರ್ಷ! ಅಯ್ಯಯ್ಯೋ, ಅದರ ವೈಭೋಗ ಏನು ಕೇಳ್ತೀರಿ! ಓಡಾಡೋಕೆ ಪಲ್ಲಕ್ಕಿ, ಬಿಸಿಲಿಗೆ ಛತ್ರಿ, ಮಲಗೋವಾಗ ಜೋಗುಳ.

ಒಂದು ದಿನ ರಾಜನಿಗೆ ಚಿಂತೆ ಹತ್ತಿತು. ಪಾಪ, ಸೌಟಿಗೆ ಒಡಹುಟ್ಟಿದವರು ಯಾರೂ ಇಲ್ಲವಲ್ಲ! ಕಂಚುಗಾರ ಕಾಳಾಚಾರಿಯನ್ನು ಕರೆಸಿದ.

"ಇದಕ್ಕೊಂದು ತಂಗಿ ಮಾಡಿಕೊಡು. ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು."

ಕಾಳಾಚಾರಿ ಎಂಥಾ ಕೆಲಸಗಾರ ಗೊತ್ತಾ! ಅಚ್ಚು ಕಟ್ಟಿದ, ಕಂಚು ಕರಗಿಸಿ ಹೊಯ್ದ. ಹಳೇ ಸೌಟಿಗೆ ಎಲ್ಲಿ ನೆಗ್ಗಿತ್ತೋ ಅಲ್ಲೇ ಒಂದು ನೆಗ್ಗು ಕೊಟ್ಟ. ಹುಣಸೆ, ಉಪ್ಪು ಬಳಿದು ತಿಪ್ಪೆಯಲ್ಲಿ ಹೂತಿಟ್ಟ. ತೆಗೆದರೆ ಅದೇ ಹಸಿರು ಕಿಲುಬು!

"ಈ ತಿಂಗಳು ನಾನೇ ಮಾಡಿದ್ದು ಸ್ವಾಮಿ" ಅಂದ.

ರಾಜ ನೋಡಿದ, ಮೂಸಿದ, ನೆಕ್ಕಿಯೂ ನೋಡಿದ. ವ್ಯತ್ಯಾಸ ಇಲ್ಲವೇ ಇಲ್ಲ! ಕುಣಿದಾಡಿಬಿಟ್ಟ.

"ಮಂತ್ರಿ, ಹಾಗಾದರೆ ಇದಕ್ಕೂ ಎರಡು ಸಾವಿರ ವರ್ಷ ತಾನೆ?"

"ಹೌದು ಪ್ರಭು."

"ಮಾಡಿದವನು ಯಾವತ್ತೋ ಸತ್ತಿರಬೇಕು ತಾನೆ?"

"ಸತ್ತಿರಲೇಬೇಕು ಪ್ರಭು."

"ಮತ್ತೆ ಇವನು ಯಾಕಿನ್ನೂ ಉಸಿರಾಡ್ತಿದಾನೆ? ಚಟ್ಟ ಕಟ್ಟಿ! ಸುಟ್ಟು ಬನ್ನಿ!"

ಕಟ್ಟೇಬಿಟ್ಟರು! ತಮಟೆ ಬಂತು, ಹೂವು ಬಂತು, ತಿಥಿ ಊಟಕ್ಕೆ ಕೊಳಗದಲ್ಲಿ ಸಾರೂ ಕುದಿಯಿತು. ಚಟ್ಟದ ಮೇಲೆ ಕಾಳಾಚಾರಿ, "ಬದುಕಿದೀನ್ರೋ!" ಅಂತ ಬೊಬ್ಬೆ ಹೊಡೆದ.

"ಹೆಣ ಮಾತಾಡಬಾರದು" ಅಂದ ಮಂತ್ರಿ.

ಹೊಸ ಸೌಟಿಗೆ ಕರುಳು ಚುರುಕ್ ಅಂತು. "ನಾನು ಹೊಸಬಳು! ಬೆನ್ನಿಗೆ ಬಿದ್ದ ಸುತ್ತಿಗೆ ಪೆಟ್ಟು ಇನ್ನೂ ನೋಯ್ತಿದೆ!"

"ಪಾಪ, ವಯಸ್ಸಾಯ್ತು. ಅರಳುಮರಳು" ಅಂದ ರಾಜ.

ಅಷ್ಟರಲ್ಲಿ ಕಾಳಾಚಾರಿ ಹೆಂಡತಿ ವೀರಮ್ಮ ಸೆರಗು ಬಿಗಿದು ಓಡಿ ಬಂದಳು. ನೆಟ್ಟಗೆ ಹಳೇ ಸೌಟನ್ನೇ ಹಿಡಿದಳು.

"ನಿಜ ಹೇಳು ತಾಯಿ. ನಿನ್ನನ್ನು ಮಾಡಿದವನು ಏನು ನೋಡಿ ಮಾಡಿದ?"

ಹಳೇ ಸೌಟು ನಾಚಿಕೊಂಡಿತು. "ಗ್ರೀಸ್ ದೇಶದ ಸೌಟು ನೋಡಿ. ನಾನೂ ನಕಲೇ ಕಣಮ್ಮ."

"ಆ ಗ್ರೀಸ್ ಸೌಟು?"

"ಅದನ್ನು ಮಾಡಿದವನು ಅವನಜ್ಜಿ ನೀರು ಮೊಗೆಯೋ ಅಂಗೈ ನೋಡಿದ್ದ."

ರಾಜ ಸಿಂಹಾಸನದಿಂದ ಚಂಗನೆ ನೆಗೆದ. "ಅಂಗೈಯೇ ಅಸಲಿ! ಇಷ್ಟು ದಿನ ನಕಲಿಯಲ್ಲಿ ಉಂಡೆನಲ್ಲ!"

ಅಂಗಿ ತೋಳು ಮಡಚಿ, ಕುದಿಯೋ ಸಾರಿಗೆ ಕೈ ಅದ್ದಿಯೇಬಿಟ್ಟ.

"ಅಪ್ಪಯ್ಯೋ! ಸತ್ತೆ! ತಣ್ಣೀರು ಹೊಯ್ಯಿರೋ! ಸೌಟು, ಸೌಟು!"

"ಯಾವ ಸೌಟು ಪ್ರಭು? ಹಳೇದೋ, ಹೊಸದೋ?" ಅಂದ ಮಂತ್ರಿ.

"ಯಾವುದಾದರೂ ಸರಿ ಕಣೋ ಮುಠ್ಠಾಳ!"

ಕಾಳಾಚಾರಿ ಚಟ್ಟದಿಂದ ಜಿಗಿದ. ಕೈಗೆ ಸಿಕ್ಕಿದ ಸೌಟಿನಲ್ಲಿ ತಣ್ಣೀರು ಮೊಗೆದು ಮೊಗೆದು ಹೊಯ್ದ. ಅದು ಯಾವುದು ಅಂತ ರಾಜನೂ ನೋಡಲಿಲ್ಲ, ಕಾಳಾಚಾರಿಯೂ ನೋಡಲಿಲ್ಲ. ಉರಿ ಇಳಿಯಿತು.

"ಅಬ್ಬಾ, ಬದುಕಿದೆ ಕಣಯ್ಯಾ" ಅಂದ ರಾಜ.

"ನಾನೂ ಬದುಕಿದೆ ಸ್ವಾಮಿ" ಅಂದ ಕಾಳಾಚಾರಿ.

ನೀತಿ ಏನಪ್ಪಾ ಅಂದರೆ, ಅಸಲಿಯೇ ಬೇಕು ಅನ್ನೋರು ಸಾರು ಆರೋವರೆಗೆ ಕಾಯಬೇಕು. ಕತೆ ಕೇಳಿದವರಿಗೆ ಅನ್ನ, ತೂಕಡಿಸಿದವರಿಗೆ ಖಾಲಿ ಕೊಳಗ, ಹೇಳಿದ ನನಗೆ ಇನ್ನೊಂದು ಸೌಟು ಸಾರು!