ತೂಗುಗುಂಡು ಕೊಟ್ಟವನು

"ಬುದ್ಧಿ, ಬೇಗ ಕಲಿಯುವುದು ತಪ್ಪೇ?"

ಸಂಜೆಯ ಪೂಜೆ ಆಗಷ್ಟೇ ಮುಗಿದಿತ್ತು. ಗುರುಗಳು ವಿಭೂತಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೇಳಿದವಳ ಮುಖ ನೋಡಿದರು. ಕೇಳಿದವಳು ದಾಕ್ಷಾಯಿಣಿ, ಮಠದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವವಳು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅವಳು ಮಾಡಿದ ಕೆಲಸ ಅದೊಂದೇ.

"ತಪ್ಪು ಎಂದು ಯಾರು ಹೇಳಿದರಮ್ಮ?"

"ಯಾರೂ ಹೇಳಲಿಲ್ಲ ಬುದ್ಧಿ, ನನಗೇ ಭಯ. ಎರಡು ವರ್ಷದೊಳಗೆ ಪದವಿ ತಂದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಅಂತ ಶಾಲೆಯ ಮಂಡಳಿಯವರು ಹೇಳಿಬಿಟ್ಟರು. ಮದುವೆಗೆ ಮುಂಚೆ ನಾನು ಒಂದು ವರ್ಷ ಕಾಲೇಜು ಓದಿದ್ದೆ. ಜಿಲ್ಲೆಯ ವಿಶ್ವವಿದ್ಯಾಲಯದವರು ಆ ವರ್ಷವನ್ನು ಲೆಕ್ಕಕ್ಕೆ ಹಿಡಿಯುತ್ತಾರಂತೆ. ಆದರೆ ಮಿಕ್ಕಿದ್ದನ್ನು ಓದಲೇಬೇಕು, ಪರೀಕ್ಷೆ ಬರೆಯಲೇಬೇಕು. ಈ ವಯಸ್ಸಿನಲ್ಲಿ ಫೇಲಾದರೆ ಮಕ್ಕಳಿಗೆ ಯಾವ ಮುಖ ತೋರಿಸಲಿ?"

ಅವಳು ಸೆರಗಿನಲ್ಲಿದ್ದ ಫೋನನ್ನು ತೆಗೆದು ಚಾಪೆಯ ಮೇಲಿಟ್ಟಳು.

"ಇದರಲ್ಲಿ ಇನ್ನೊಬ್ಬರು ಸಿಕ್ಕಿದ್ದಾರೆ. ಮೂರೇ ತಿಂಗಳಲ್ಲಿ ಪದವಿ ಕೊಡುತ್ತೇವೆ ಅನ್ನುತ್ತಾರೆ. ಮನೆಯಲ್ಲೇ ಕೂತರಾಯಿತು, ಪರೀಕ್ಷೆಯೂ ಇಲ್ಲ. ಇವತ್ತು ಸಂಜೆ ಫೋನ್ ಮಾಡುತ್ತೇವೆ, ಹೂಂ ಅನ್ನಿ ಮೇಡಂ ಅಂದರು. ಅವರದು ನಿಜವಾದ ವಿದ್ಯಾಲಯವೋ ಅಲ್ಲವೋ ನನಗೆ ಹೇಗೆ ತಿಳಿಯಬೇಕು ಬುದ್ಧಿ? ದೊಡ್ಡ ಕಟ್ಟಡದ ಚಿತ್ರ ಇದೆ, ಮುದ್ರೆ ಇದೆ, ಟೋಪಿ ಹಾಕಿಕೊಂಡು ನಗುವ ಹುಡುಗಿಯರಿದ್ದಾರೆ. ಎಲ್ಲ ನಿಜದ ಹಾಗೆಯೇ ಕಾಣುತ್ತದೆ."

ಗುರುಗಳು ಬಗ್ಗಿ ಫೋನಿನಲ್ಲಿದ್ದ ಚಿತ್ರ ನೋಡಿದರು. ಆಮೇಲೆ, "ಒಂದು ಬಾವಿಯ ಕತೆ ಹೇಳುತ್ತೇನೆ, ಕೇಳು ತಾಯಿ" ಎಂದರು.

ಒಂದು ಸೀಮೆಯಲ್ಲಿ ಒಬ್ಬ ಬಾವಿ ಅಗೆಯುವವನಿದ್ದ. ಆ ಸೀಮೆಯಲ್ಲಿ ಬಾವಿ ಅಗೆಯುವುದು ಒಂದು ಕೆಲಸ, ಬಾವಿ ಕಟ್ಟುವುದು ಇನ್ನೊಂದು ಕೆಲಸ. ಅಗೆಯುವವನು ಮಣ್ಣು ತೋಡಿ ನೀರು ಮುಟ್ಟಿಸಿ ಮೇಲೆ ಬರುತ್ತಿದ್ದ. ಆಮೇಲೆ ಮೇಸ್ತ್ರಿ ಇಳಿದು, ತಳದಿಂದ ಬಾಯಿಯವರೆಗೆ ಸುತ್ತಲೂ ಕಲ್ಲು ಕಟ್ಟುತ್ತಿದ್ದ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡಿರುತ್ತದಲ್ಲ, ತೂಗುಗುಂಡು, ಅದನ್ನು ಯಾರೂ ತಾವಾಗಿ ಇಟ್ಟುಕೊಳ್ಳುವಂತಿರಲಿಲ್ಲ. ಹಿರಿಯ ಮೇಸ್ತ್ರಿಯೊಬ್ಬ ತನ್ನ ಮುದ್ರೆ ಒತ್ತಿ ಕೊಡಬೇಕು. ಗುಂಡು ಇಲ್ಲದವನಿಗೆ ಯಾವ ಊರೂ ಬಾವಿ ಕಟ್ಟಲು ಕೊಡುತ್ತಿರಲಿಲ್ಲ.

ಅಗೆಯುವವನ ಸ್ವಂತ ಹಟ್ಟಿಯಲ್ಲೇ ಬಾವಿ ಇರಲಿಲ್ಲ. ಹೆಂಗಸರು ದೂರದ ಹಳ್ಳಕ್ಕೆ ಹೋಗಿ ಮರಳು ತೋಡಿ ನೀರು ತುಂಬಿಕೊಳ್ಳುತ್ತಿದ್ದರು. ಒಂದು ಬೇಸಿಗೆ ಹಟ್ಟಿಯ ಹಿರಿಯರು ಅವನನ್ನು ಕರೆದರು.

"ಊರಿಗೆಲ್ಲ ಬಾವಿ ಅಗೆದೆ. ನಮ್ಮದನ್ನು ನೀನೇ ಕಟ್ಟಿಕೊಡು. ಮುಂದಿನ ಬೇಸಿಗೆಗೆ ನೀರು ಕಾಣಬೇಕು. ಆದರೆ ಗುಂಡು ತಂದು ತೋರಿಸು. ಕಟ್ಟಿದ ಬಾವಿಯ ಹೂಳೆತ್ತಲು ನಮ್ಮ ಹೆಣ್ಣುಮಕ್ಕಳು ಇಳಿಯುತ್ತಾರೆ."

ಅವನು ಗುಂಡು ಹುಡುಕಿಕೊಂಡು ಹೊರಟ. ಹಿರಿಯ ಮೇಸ್ತ್ರಿಯ ಬಳಿ ಕಲಿತು ಗುಂಡು ಪಡೆಯಲು ಏಳು ವರ್ಷ ಹಿಡಿಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಹಟ್ಟಿಯವರು ಕೊಟ್ಟದ್ದು ಒಂದೇ ವರ್ಷ. ದಾರಿಯಲ್ಲಿ ಪೇಟೆ ಸಿಕ್ಕಿತು. ಪೇಟೆಯಲ್ಲಿ ಒಬ್ಬ ವ್ಯಾಪಾರಿಯ ಅಂಗಡಿಯ ಮುಂದೆ ಸಾಲಾಗಿ ಹಿತ್ತಾಳೆಯ ತೂಗುಗುಂಡುಗಳು ನೇತಾಡುತ್ತಿದ್ದವು. ಒಂದೊಂದರ ಮೇಲೂ ತಾವರೆಯ ಮುದ್ರೆ.

"ಬನ್ನಿ ಬನ್ನಿ ಮೇಸ್ತ್ರಿಗಳೇ, ಕೂತುಕೊಳ್ಳಿ" ಎಂದ ವ್ಯಾಪಾರಿ.

"ನಾನಿನ್ನೂ ಮೇಸ್ತ್ರಿ ಅಲ್ಲ ಸ್ವಾಮಿ."

"ಇಲ್ಲಿಂದ ಎದ್ದು ಹೋಗುವಾಗ ಆಗಿರುತ್ತೀರಲ್ಲ! ಇಷ್ಟು ವರ್ಷ ಮಣ್ಣಿನಲ್ಲಿ ಇಳಿದಿದ್ದೀರಿ. ಅದೇ ನಿಮ್ಮ ವಿದ್ಯೆ. ಮತ್ತೆ ಹೊಸದಾಗಿ ಕಲಿಯಲಿಕ್ಕೆ ಏನಿದೆ ಹೇಳಿ?"

"ನನ್ನ ಕೈಯಿಂದ ಒಂದು ಕಲ್ಲನ್ನಾದರೂ ಇಡಿಸಿ ನೋಡುವುದಿಲ್ಲವೇ?"

"ಮುಖ ನೋಡಿದರೆ ಗೊತ್ತಾಗುವುದಿಲ್ಲವೇ ಮೇಸ್ತ್ರಿಗಳೇ?"

ಅಗೆಯುವವನಿಗೆ ಹಿಗ್ಗಾಯಿತು. ಯಾರೂ ಅವನನ್ನು ಹಾಗೆ ಕರೆದಿರಲಿಲ್ಲ. ಗುಂಡನ್ನು ಕೈಗೆ ತೆಗೆದುಕೊಂಡ, ಕಣ್ಣಿಗೊತ್ತಿಕೊಂಡ. ಅವನು ದೈವಭಕ್ತ, ಕಪಟ ತಿಳಿಯದವನು. ಗುಂಡು ಕೊಟ್ಟವರನ್ನು ಹಾಗೇ ಬಿಟ್ಟು ಹೋಗುವುದು ಮರ್ಯಾದೆಯಲ್ಲವೆಂದು ಕೈಮುಗಿದು ಹೇಳಿದ.

"ಸ್ವಾಮಿ, ನಮ್ಮ ಕಡೆ ಒಂದು ಪದ್ಧತಿ ಇದೆ. ಬಾವಿ ಮುಗಿದ ದಿನ, ನೀರು ಸೇದುವ ಮುಂಚೆ, ಕಟ್ಟಿದವನೂ ಅವನಿಗೆ ಗುಂಡು ಕೊಟ್ಟವರೂ ಒಟ್ಟಿಗೆ ತಳಕ್ಕೆ ಇಳಿದು ಕೂರಬೇಕು. ಮೇಲಿನಿಂದ ಹೂವು, ದೀಪ ಇಳಿಸುತ್ತಾರೆ. ಗಂಗಮ್ಮನ ಪೂಜೆ ಮುಗಿಯುವ ತನಕ ಅಲ್ಲೇ ಇರಬೇಕು. ನೀವು ದಯಮಾಡಿಸಬೇಕು."

ವ್ಯಾಪಾರಿಯ ನಗು ನಿಂತಿತು. "ನನಗೆ ಮಂಡಿ ನೋವಪ್ಪ" ಎಂದ. ಆಗಲೇ ಮೇಸ್ತ್ರಿಗಳೇ ಎನ್ನುವುದನ್ನು ಬಿಟ್ಟಿದ್ದ.

"ಬುಟ್ಟಿಯಲ್ಲಿ ಕೂರಿಸಿ ಇಳಿಸುತ್ತೇವೆ ಸ್ವಾಮಿ. ಗುಂಡು ಕೊಟ್ಟವರು ಇಳಿಯದಿದ್ದರೆ ನೀರು ಮುಟ್ಟುವ ಹಾಗಿಲ್ಲ."

"ನಾನು ಊರೂರಿಗೆ ಗುಂಡು ಕೊಟ್ಟವನು. ಎಲ್ಲ ಬಾವಿಗೂ ಇಳಿಯುತ್ತ ಕೂತರೆ ಅಂಗಡಿ ನೋಡುವವರು ಯಾರು? ನೀನು ಕಟ್ಟು. ಮಿಕ್ಕದ್ದನ್ನು ಗಂಗಮ್ಮ ನೋಡಿಕೊಳ್ಳುತ್ತಾಳೆ."

ಅಗೆಯುವವನು ಎದ್ದು ನಿಂತ. ಕೈಯಲ್ಲಿದ್ದ ಗುಂಡು ಹೊಳೆಯುತ್ತಲೇ ಇತ್ತು. ಅದನ್ನು ಮತ್ತೆ ಇದ್ದ ಮೊಳೆಗೇ ನೇತುಹಾಕಿ, ನಮಸ್ಕಾರ ಹೇಳಿ ಹೊರಟ. ಏಳು ವರ್ಷದ ಕಡೆಗೆ ನಡೆಯುವವನ ಹಾಗೆ ನಿಧಾನವಾಗಿ ನಡೆದ.

ಹಿರಿಯ ಮೇಸ್ತ್ರಿ ಮನೆಯ ಮುಂದಿನ ಬೇವಿನ ಮರದ ಕೆಳಗೆ ಕೂತಿದ್ದ. ಬಂದವನ ಹೆಸರನ್ನೂ ಕೇಳಲಿಲ್ಲ. "ಈ ಕಲ್ಲುಗಳಲ್ಲಿ ಒಂದು ಸುತ್ತು ಕಟ್ಟಿ ತೋರಿಸು" ಎಂದ.

ಅಗೆಯುವವನು ಕಲ್ಲು ಆರಿಸಿ ನೆಲದ ಮೇಲೆ ಒಂದು ಸುತ್ತು ಜೋಡಿಸಿದ. ನುಣುಪಾದ ಅಗಲದ ಮುಖಗಳನ್ನೆಲ್ಲ ಒಳಗೆ ಬರುವ ಹಾಗೆ ಇಟ್ಟ. ನೋಡಲು ಚೆಲುವಾಗಿತ್ತು. ಮೇಸ್ತ್ರಿ ಎದ್ದು ಬಂದು ಹೊರಗಿನಿಂದ ಕಾಲಲ್ಲಿ ಮೆಲ್ಲಗೆ ಒತ್ತಿದ. ಸುತ್ತು ಒಳಕ್ಕೆ ಬಿತ್ತು.

"ಅಗೆಯುವವರೆಲ್ಲ ಮಾಡುವ ತಪ್ಪು ಇದು" ಎಂದ ಮೇಸ್ತ್ರಿ. "ನೀವು ಬಾವಿಯನ್ನು ಒಳಗೆ ನಿಂತು ನೋಡಿದವರು. ಕಲ್ಲಿನ ಮುಖ ನೋಡಿ ಇಡುತ್ತೀರಿ. ಕಲ್ಲಿಗೆ ಬಾಲ ಇರುತ್ತದೆ. ಆ ಬಾಲ ಉದ್ದಕ್ಕೆ ಮಣ್ಣಿನೊಳಗೆ ಹೋಗಬೇಕು. ಬಾವಿಯನ್ನು ಹಿಡಿದು ನಿಲ್ಲಿಸುವುದು ನಮಗೆ ಕಾಣದ ಆ ಭಾಗ."

ಅಗೆಯುವವನು ತಲೆ ತಗ್ಗಿಸಿದ. "ಹಾಗಾದರೆ ಏಳು ವರ್ಷ ಇರಲೇಬೇಕೇ?"

ಮೇಸ್ತ್ರಿ ಅವನನ್ನು ಹೊಲಕ್ಕೆ ಕರೆದುಕೊಂಡು ಹೋದ. ಬೇರೆ ಬೇರೆ ಕಡೆ ನಿಲ್ಲಿಸಿ ಮಣ್ಣಿನ ವಿಷಯ ಕೇಳಿದ. ಎಲ್ಲಿ ಜರುಗುತ್ತದೆ, ಎಲ್ಲಿ ಬಿರಿಯುತ್ತದೆ, ಎಲ್ಲಿ ನೀರು ಜಿನುಗುವ ಜವುಳು ಸಿಗುತ್ತದೆ ಎಂದು ಕೇಳಿದ. ಅಗೆಯುವವನು ತಡವರಿಸದೆ ಹೇಳಿದ. ಒಂದೆರಡು ಕಡೆ ಮೇಸ್ತ್ರಿಯೇ ಬಗ್ಗಿ ಮಣ್ಣು ಮುಟ್ಟಿ ನೋಡಿ "ಹೌದಲ್ಲ!" ಎಂದ.

ತಿರುಗಿ ಬರುವಾಗ ಮೇಸ್ತ್ರಿ ಹೇಳಿದ: "ಏಳು ವರ್ಷದಲ್ಲಿ ಬಹುಪಾಲು ನಾನು ಕಲಿಸುವುದು ಮಣ್ಣನ್ನೇ. ಅದು ನಿನ್ನಲ್ಲಿದೆ. ಗೊತ್ತಿರುವುದನ್ನು ಮತ್ತೆ ಕಲಿಸಿ ನಿನ್ನ ಆಯುಸ್ಸು ತಿಂದರೆ ನಾನು ಕಳ್ಳ. ಗೊತ್ತಿಲ್ಲದ್ದನ್ನು ಕಲಿಸದೆ ಕಳಿಸಿದರೆ ಕೊಲೆಗಾರ. ಕಲ್ಲು ಕಟ್ಟುವುದೊಂದನ್ನು ಕಲಿ. ಆಮೇಲೆ ನನ್ನ ಹಿತ್ತಲಿನ ಹಾಳುಗುಂಡಿಗೆ ಗೋಡೆ ಕಟ್ಟು. ಆ ಗೋಡೆ ಒಂದು ಮಳೆ ಕುಡಿದು ನಿಲ್ಲಬೇಕು. ನಿಂತರೆ ಅವತ್ತೇ ಗುಂಡು. ಮಿಕ್ಕ ಎಲ್ಲವನ್ನೂ ಬೇಗ ಮಾಡಬಹುದಪ್ಪ, ಮಳೆಯನ್ನು ಬೇಗ ಮಾಡಲು ನನಗೆ ಬರುವುದಿಲ್ಲ."

ಅಗೆಯುವವನು ಅಲ್ಲೇ ಉಳಿದ. ಹಗಲೆಲ್ಲ ಕಲ್ಲು ಆರಿಸಿದ, ಇಟ್ಟ, ಕಿತ್ತ, ಮತ್ತೆ ಇಟ್ಟ. ಮುಂಗಾರಿಗೆ ಮೊದಲು ಗೋಡೆ ಮುಗಿಯಿತು. ಮುಂಗಾರು ಬಂತು, ಗೋಡೆ ಒಂದು ಪಕ್ಕದಲ್ಲಿ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿತು.

ಮೇಸ್ತ್ರಿ ಆಗ ಪರಸ್ಥಳದಲ್ಲಿದ್ದ. ಅಗೆಯುವವನು ಉಬ್ಬಿದ ಕಡೆ ಸೊಪ್ಪು ಮುಚ್ಚಲಿಲ್ಲ, ಓಡಿಯೂ ಹೋಗಲಿಲ್ಲ. ಗುಂಡಿಯ ಅಂಚಿನಲ್ಲಿ ಕೂತು ಅತ್ತ. ಅತ್ತು ಮುಗಿದ ಮೇಲೆ ಶಿವನನ್ನು ನೆನೆದು ಕೆಳಗಿಳಿದು, ಉಬ್ಬಿದ್ದನ್ನೆಲ್ಲ ಒಂದೊಂದೇ ಕಲ್ಲು ಬಿಚ್ಚಿದ. ಎಲ್ಲಿ ಬಾಲ ಗಿಡ್ಡವಾಗಿತ್ತು, ಎಲ್ಲಿ ಕಲ್ಲಿನ ಹಿಂದಿನ ಸಂದಿಗೆ ಚೂರುಗಲ್ಲು ತುಂಬಿರಲಿಲ್ಲ ಎಂದು ಅವನ ಕೈಗೇ ಸಿಕ್ಕಿತು. ಮತ್ತೆ ಕಟ್ಟಿದ.

ಮೇಸ್ತ್ರಿ ಬಂದು ನೋಡಿದ. "ಉಬ್ಬಿತ್ತೇ?"

"ಉಬ್ಬಿತ್ತು."

"ಒಳ್ಳೆಯದಾಯಿತು. ಉಬ್ಬದಿದ್ದರೆ ಇಷ್ಟು ಗಟ್ಟಿಯಾಗಿ ನೀನು ಕಟ್ಟುತ್ತಿರಲಿಲ್ಲ."

ಹಿಂಗಾರು ಬಂತು. ಗೋಡೆ ನಿಂತಿತು. ಮೇಸ್ತ್ರಿ ಒಂದು ಕಬ್ಬಿಣದ ಗುಂಡು ಕೊಟ್ಟ. ಅದರ ಮೇಲೆ ತಾವರೆ ಇರಲಿಲ್ಲ, ಒಂದು ಗೀಟು ಮಾತ್ರ ಇತ್ತು.

ಬೇಸಿಗೆಯ ಹೊತ್ತಿಗೆ ಹಟ್ಟಿಯ ಬಾವಿ ಮುಗಿಯಿತು. ತಳದಲ್ಲಿ ತಿಳಿನೀರು ಕೂಡಿತು. ಪೂಜೆಯ ದಿನ ಮುದುಕ ಮೇಸ್ತ್ರಿ ಕೋಲೂರಿಕೊಂಡು ಬಂದ. ಅವನ ಉಸಿರಾಟ ನೋಡಿ ಹೆಂಗಸರಿಗೆ ಅಯ್ಯೋ ಅನ್ನಿಸಿತು.

"ನೀವು ಮೇಲೆಯೇ ಕೂತಿರಿ ಅಜ್ಜ. ನಿಮ್ಮ ಬದಲು ಒಂದು ತೆಂಗಿನಕಾಯಿ ಇಳಿಸುತ್ತೇವೆ."

"ಗುಂಡು ಕೊಟ್ಟದ್ದು ತೆಂಗಿನಕಾಯಿಯೇನವ್ವ?" ಎಂದು ಮೇಸ್ತ್ರಿ ಬುಟ್ಟಿಯಲ್ಲಿ ಕೂತ. ಹಗ್ಗ ಮೆಲ್ಲಗೆ ಇಳಿಯಿತು.

ತಳದಲ್ಲಿ, ನೀರಿಗಿಂತ ತುಸು ಮೇಲೆ, ಗೋಡೆಯಿಂದ ಮುಂದೆ ಚಾಚಿದ ಕಲ್ಲೊಂದಿತ್ತು. ಮೇಸ್ತ್ರಿ ಅದರ ಮೇಲೆ ಕೂತು ಗೋಡೆಗೆ ಬೆನ್ನು ಕೊಟ್ಟ. ಪಕ್ಕದಲ್ಲಿ ಅಗೆಯುವವನು ಮೈಯೆಲ್ಲ ಬಿಗಿಹಿಡಿದು, ತಾನೇ ಕಟ್ಟಿದ ಗೋಡೆಯನ್ನು ತಳದಿಂದ ಬಾಯಿಯವರೆಗೆ ನೋಡುತ್ತ ಕೂತ. ಮೇಲಿನಿಂದ ಹೂವು ಬಂತು. ದೀಪ ಬಂತು. ಹೆಂಗಸರು ಹಾಡು ಹೇಳಿದರು. ಹಾಡು ಮುಗಿಸಿ ಒಬ್ಬಳು ಬಗ್ಗಿ ಕೂಗಿದಳು.

"ಅಜ್ಜಾ, ಪೂಜೆ ಆಯಿತಾ?"

ಕೆಳಗಿನಿಂದ ಬಂದದ್ದು ಗೊರಕೆ. 

ಮೇಲಿದ್ದವರೆಲ್ಲ ನಕ್ಕರು. ಅಗೆಯುವವನು ಮಾತ್ರ ನಗಲಿಲ್ಲ. ದೀಪದ ಬೆಳಕಿನಲ್ಲಿ ಮೇಸ್ತ್ರಿಯ ಮುಖ ನೋಡಿದ. ತನ್ನ ಗೋಡೆಗೆ ಬೆನ್ನು ಕೊಟ್ಟು, ಅಷ್ಟು ಕಲ್ಲುಗಳ ಕೆಳಗೆ, ಆ ಮುದುಕ ಮಗುವಿನ ಹಾಗೆ ನಿದ್ದೆ ಹೋಗಿದ್ದ. ಆಗ ಅವನ ಮೈಯ ಬಿಗಿ ಸಡಿಲಿತು. ತಾನು ಮೇಸ್ತ್ರಿಯಾದೆ ಎಂದು ಅವನಿಗೆ ತಿಳಿದದ್ದು ಗುಂಡು ಕೈಗೆ ಬಂದ ದಿನವಲ್ಲ, ಅವತ್ತು.

ಗುರುಗಳು ಕತೆ ನಿಲ್ಲಿಸಿದರು. ನಂದಾದೀಪಕ್ಕೆ ಎಣ್ಣೆ ಹಾಕಿ ಬತ್ತಿ ಮುಂದೆ ತಳ್ಳಿದರು.

ದಾಕ್ಷಾಯಿಣಿ ಮೆಲ್ಲಗೆ ಕೇಳಿದಳು. "ಹಾಗಾದರೆ ಬೇಗ ಕಲಿಯಬಹುದು, ಅಲ್ಲವೇ ಬುದ್ಧಿ?"

"ಧಾರಾಳವಾಗಿ ಕಲಿ ತಾಯಿ. ಶಿವ ನಿನಗೆ ಆಗಲೇ ಕಲಿಸಿರುವುದನ್ನು ಲೆಕ್ಕಕ್ಕೆ ಹಿಡಿಯುವವರು ಇದ್ದರೆ ಅದು ಅವನ ಕೃಪೆ. ಮಿಕ್ಕದ್ದಕ್ಕೆ ಪರೀಕ್ಷೆ ಬರಲಿ. ಒಂದು ಸಲ ಉಬ್ಬಿದರೆ ಬಿಚ್ಚಿ ಕಟ್ಟಿದರಾಯಿತು."

"ಆದರೆ ನಿಜವಾದವರು ಯಾರು ಅಂತ..."

ಅಷ್ಟರಲ್ಲಿ ಚಾಪೆಯ ಮೇಲಿದ್ದ ಫೋನು ಕೂಗಿತು. ದಾಕ್ಷಾಯಿಣಿ ಹೆಸರು ನೋಡಿದಳು. ಮೂರು ತಿಂಗಳಿನವರೇ. ಅವಳು ಗುರುಗಳ ಕಡೆ ತಿರುಗಿದಳು.

ಗುರುಗಳು ನಕ್ಕು ಹೇಳಿದರು: "ತೆಗೆದುಕೊಂಡು ಒಂದೇ ಮಾತು ಕೇಳು ಮಗಳೇ, ನೀವು ಕೊಡುವ ಪದವಿಯನ್ನು ನಂಬಿ ನಿಮ್ಮ ಮಗುವನ್ನು ತಂದು ನನ್ನ ತರಗತಿಯಲ್ಲಿ ಕೂರಿಸುತ್ತೀರಾ ಅಂತ."

ಫೋನು ಕೂಗುತ್ತಲೇ ಇತ್ತು. ದಾಕ್ಷಾಯಿಣಿ ಅದನ್ನು ಚಾಪೆಯ ಮೇಲೆ ಬೋರಲು ಹಾಕಿದಳು.