ಕಂಚಿನ ತಟ್ಟೆ ಏರಿದ ಎಣ್ಣೆ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ನಾಗಲದೇವಿಯ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ, ಸೋತವನ ತಲೆ ಅಮಾವಾಸ್ಯೆಗೆ ಹೋಗುತ್ತದೆ!" ಹೀಗೆಂದು ಡಂಗುರ ಸಾರಿದ್ದೇ ತಡ, ಕಂಚುಕೋಟೆಯ ಸೆರೆಮನೆ ತುಂಬತೊಡಗಿತು. ಆಸೆ ಯಾರನ್ನು ಬಿಟ್ಟೀತು ಹೇಳಿ!

ಸೋತವರಲ್ಲಿ ಜಾಗಟೆ ಎರಕ ಹೊಯ್ಯುವ ಮಾಬೋಜನೂ ಒಬ್ಬ. ಅಮಾವಾಸ್ಯೆಯ ಬೆಳಿಗ್ಗೆ ಅವನ ತಮ್ಮ ಕಾಳೋಜ ಅರಮನೆಗೆ ಬಂದ. ಎರಕದ ಮನೆಯಲ್ಲಿ ಜಾಗಟೆ ಒರೆಸುವವನು ಅವನು. ರಾಜ್ಯ ಕಟ್ಟಿಕೊಂಡು ಅವನಿಗೇನು? ಅಣ್ಣ ಬೇಕಿತ್ತು, ಅಷ್ಟೇ.

"ಹೊಡೆದ ಕೈ ನಿಂತರೂ ತಾನು ನಿಲ್ಲದೆ, ಕಣ್ಣಿಗೆ ಕಾಣದೆ ಕಿವಿಗೆ ಸಿಗುವುದು ಯಾವುದು?" ಎಂದಳು ನಾಗಲದೇವಿ. ಗಾಳಿ ಎಂದವನೂ ಬೈಗುಳ ಎಂದವನೂ ಆಗಲೇ ಸೆರೆಯೊಳಗಿದ್ದರು. ಕಾಳೋಜ, "ಕಂಚಿನ ನಡುಕ" ಎಂದ. ಸರಿಹೋಯಿತು.

"ಓರೆಯಾಗಿ ನಿಂತ ಈ ಕಂಚಿನ ತಟ್ಟೆಯ ಬುಡಕ್ಕೆ ನೀನೇ ಎಣ್ಣೆ ಇಡು. ಆಮೇಲೆ ಎಣ್ಣೆಯನ್ನು ಮುಟ್ಟದೆ, ಊದದೆ ಅದು ಮೇಲೆ ಹತ್ತಬೇಕು. ಹೇಗೆ?" ಎಂದು ಎರಡನೆಯದನ್ನು ಕೇಳಿದಳು.

ಒಬ್ಬ ಅರಸುಮಗ ಕೆಳಗೆ ಕೆಂಡವಿಟ್ಟು ಸೋತಿದ್ದ. ಮಾಬೋಜ ತಟ್ಟೆಯನ್ನು ನಡುಗಿಸಿದ್ದನಾದರೂ ಎಣ್ಣೆಯಲ್ಲಿ ಕೆಟ್ಟ. ಎಣ್ಣೆಗೆ ಜಿಪುಣತನ ಮಾಡಿದರೆ ಎರಕ ಬಿರಿಯುತ್ತದೆಂದು ಅವರ ಕುಲದ ನಂಬಿಕೆ. ಸೌಟುಗಟ್ಟಲೆ ಸುರಿದ, ಅಷ್ಟೂ ನೆಲ ಸೇರಿತು.

ಕಾಳೋಜ ಒಂದೇ ಹನಿಯನ್ನು ಕಂಡೂ ಕಾಣದಷ್ಟು ತೆಳ್ಳಗೆ ಸವರಿದ. ಸಭೆ ನಕ್ಕಿತು. ಅವನು ರಾಳ ಹಚ್ಚಿದ ಕೋಲಿನಿಂದ ತಟ್ಟೆಯ ಅಂಚನ್ನು ಉಜ್ಜುತ್ತಲೇ ಹೋದ. ಕಂಚು ಗುಂಯ್‌ಗುಟ್ಟಿತು, ಎಣ್ಣೆಯ ಹೊಳಪು ಮೆಲ್ಲಮೆಲ್ಲಗೆ ಮೇಲಕ್ಕೆ ತೆವಳಿತು. ನಗುತ್ತಿದ್ದವರು ಕತ್ತು ಚಾಚಿ ನೋಡಿದರು.

"ದಪ್ಪಗಿದ್ದರೆ ತನ್ನ ಭಾರಕ್ಕೇ ಜಾರುತ್ತದೆ ಅಮ್ಮಣ್ಣಿ. ತೆಳ್ಳಗಿದ್ದರೆ ಕಂಚಿನ ನಡುಕ ಅದನ್ನು ಹೊತ್ತೊಯ್ಯುತ್ತದೆ. ಒರೆಸುವಾಗ ನೋಡಿದ್ದೆ."

ನಾಗಲದೇವಿ ಮೂರನೆಯದನ್ನು ಕೇಳಿದಳು. "ಯಾರೂ ಹೊಡೆಯದೆ ನಡುಗುವುದು ಯಾವುದು?"

ಕಾಳೋಜನಿಗೆ ಏನೂ ಹೊಳೆಯಲಿಲ್ಲ, ಪಾಪ. ಮನಸ್ಸಿನಲ್ಲಿದ್ದದ್ದೇ ಹೊರಗೆ ಬಂತು. "ನಮ್ಮವ್ವನ ಎದೆ, ಅಮ್ಮಣ್ಣಿ. ಅಣ್ಣ ಸೆರೆಯಾದಾಗಿನಿಂದ ಬಾಗಿಲು ಸದ್ದಾದರೂ ನಡುಗುತ್ತದೆ."

ತಪ್ಪು, ಉತ್ತರ ದೀಪದ ಕುಡಿ ಎಂದು ರಾಜ ಕೈಯೆತ್ತಿದ. ಭಟರು ಮುಂದೆ ಬಂದರು.

"ಒಗಟು ನನ್ನದು, ಅಪ್ಪಾಜಿ. ನನ್ನ ಉತ್ತರಕ್ಕಿಂತ ಇವನದೇ ಸರಿ," ಎಂದಳು ನಾಗಲದೇವಿ. ಅವಳ ಕಣ್ಣು ತುಂಬಿತ್ತು. ಏನು ಬೇಕೋ ಕೇಳು ಎಂದಳು.

ಅಣ್ಣ ಎನ್ನಲು ಬಾಯಿ ತೆರೆದವನು ಸೆರೆಮನೆಯ ಕಡೆ ನೋಡಿ ತಡೆದ.

"ಒಳಗಿರುವ ಎಲ್ಲರನ್ನೂ ಬಿಡಿ. ಅವರಿಗೂ ಅವ್ವಂದಿರಿದ್ದಾರೆ."

ರಾಜ ಇನ್ನೂ ಗೊಣಗುತ್ತಿದ್ದ. ನಾಗಲದೇವಿ ಕಾವಲುಗಾರನ ಸೊಂಟದಿಂದ ಬೀಗದ ಕೈ ಕಿತ್ತುಕೊಂಡು ತಾನೇ ನಡೆದಳು. ಮೊದಲು ಹೊರಬಂದವನು ಮಾಬೋಜ. ತಮ್ಮನನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತ.